ತಗಡಿನವರ ಓಣಿಗೆ ಸವಾರಿ

ಬಿಂಗ್‌ಕುನ್‌ನ ಕೆಲಸ ಹೋಗಿದೆ ಎಂದು ಚೀಜಿನ್ ದ್ವೀಪದ ತುಂಬ ಸುದ್ದಿ ಹಬ್ಬಿಸಿದವಳು ಅವನನ್ನು ಹೆತ್ತ ತಾಯಿ ಬೋಟಾನಳೇ. ಪಾಪ, ಅವಳದೇನೂ ತಪ್ಪಿಲ್ಲ. ಬೆಳಗಾದರೆ ಊಟದ ಡಬ್ಬಿ ಹಿಡಿದು, ಸೈಕಲ್ ತಳ್ಳಿಕೊಂಡು ಲಾಂಚು ಹತ್ತಿ, ಆಚೆ ದಡದ ಆಫೀಸಿಗೆ ಹೋಗುತ್ತಿದ್ದ ಮಗ ಒಂದು ದಿನ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಮೇಲೊಂದು ಇಸ್ತ್ರಿ ಅಂಗಿ, ಕೆಳಗೆ ಮಾಸಿದ ಚಡ್ಡಿ ಹಾಕಿಕೊಂಡು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕಂಪ್ಯೂಟರಿನ ಜೊತೆ ಒಬ್ಬನೇ ಮಾತಾಡುತ್ತ ಕೂತ. ಇದನ್ನು ಕೆಲಸ ಎಂದು ಯಾವ ತಾಯಿ ನಂಬಿಯಾಳು?

ಅವನದು ಹಡಗು ಕಟ್ಟುವ ಕಂಪನಿಯೊಂದಕ್ಕೆ ಕೊಳವೆಗಳ ನಕ್ಷೆ ಬರೆಯುವ ಕೆಲಸ. ಸಾಂಕ್ರಾಮಿಕದ ವರ್ಷಗಳಲ್ಲಿ ಎಲ್ಲರನ್ನೂ ಮನೆಗೆ ಕಳಿಸಿದ ಕಂಪನಿ, ರೋಗ ಇಳಿದ ಮೇಲೆ ಲೆಕ್ಕ ಹಾಕಿ, ಆಫೀಸಿನ ಆ ಮಹಡಿಯನ್ನೇ ಬಿಟ್ಟುಕೊಟ್ಟಿತು. ಬಿಂಗ್‌ಕುನ್‌ಗೂ ಮೊದಮೊದಲು ಒಳ್ಳೆಯದೇ ಆಯಿತೆನಿಸಿತ್ತು. ಮದುವೆ ಮುರಿದು ಬಹಳ ಕಾಲವಾಗಿತ್ತು. ತಾಯಿಗೆ ಮರೆವಿನ ಕಾಯಿಲೆ ಶುರುವಾಗಿತ್ತು. ಮನೆಯಲ್ಲಿ ಒಬ್ಬರಾದರೂ ಇರಬೇಕಿತ್ತು.

ಆದರೆ ಸೈಕಲ್ ತಪ್ಪಿದ ಮೈ ಸುಮ್ಮನಿರಲಿಲ್ಲ. ಸೊಂಟ ಹಿಡಿಯಿತು, ಹೊಟ್ಟೆ ಮುಂದೆ ಬಂತು, ರಕ್ತದಲ್ಲಿ ಸಕ್ಕರೆ ಏರಿತು. "ಮಾತ್ರೆ ಆಮೇಲೆ ನೋಡೋಣ, ಮೊದ್ಲು ಸೈಕಲ್ ಹತ್ತಿ" ಎಂದರು ಡಾಕ್ಟರು. ಹತ್ತುವುದು ಯಾವಾಗ? ಒಂದು ಮುಂಜಾನೆ ತಾಯಿ ಮಲಗಿರುವಾಗಲೇ ಕಡಲಂಚಿನ ದಾರಿಯಲ್ಲಿ ಒಂದು ಸುತ್ತು ಹೋಗಿಬಂದ. ಮನೆಯ ಬಾಗಿಲು ಹಾರುಹೊಡೆದಿತ್ತು. ಬೋಟಾನ್ ಮಲಗುವ ಬಟ್ಟೆಯಲ್ಲೇ, ಬರಿಗಾಲಲ್ಲಿ, ಲಾಂಚಿನ ಕಟ್ಟೆಯ ಮೇಲೆ ನಿಂತು ಟಿಕೆಟ್ ಹುಡುಗಿಯ ಹತ್ತಿರ ಜಗಳವಾಡುತ್ತಿದ್ದಳು. ಅಲ್ಲಿಗೆ ಮುಂಜಾನೆಯ ಸವಾರಿ ಮುಗಿಯಿತು. ಆಮೇಲೆ ಸೈಕಲ್ಲಿನ ಹಿಂಗಾಲಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ನಡುಮನೆಯಲ್ಲೇ ತುಳಿಯತೊಡಗಿದ. ಬೋಟಾನ್ ಮಂಚದ ಮೇಲೆ ಕೂತು ಅದನ್ನೇ ದಿಟ್ಟಿಸಿ ನೋಡಿದಳು.

"ಎಲ್ಲಿಗೋ ಹೊರಟಿದೀಯ?"

"ಎಲ್ಲಿಗೂ ಇಲ್ಲವ್ವ."

"ಮತ್ತೆ ಅಷ್ಟೊಂದ್ ಅವಸರ ಯಾಕೋ ಪೆದ್ದೇ?"

ಬಿಂಗ್‌ಕುನ್ ತುಳಿಯುವುದನ್ನು ನಿಲ್ಲಿಸಿ ನಗುತ್ತ ಇಳಿದುಬಿಟ್ಟ.

ದಾರಿ ತೋರಿಸಿದವನು ಪಕ್ಕದ ಮನೆಯ ಹೋಕ್ ದೊಡ್ಡಪ್ಪ. ಪ್ರವಾಸಿಗರನ್ನು ಕೂರಿಸಿಕೊಂಡು ಜೀವಮಾನವಿಡೀ ಸೈಕಲ್ ರಿಕ್ಷಾ ತುಳಿದ ಮುದುಕ. ಮೊಣಕಾಲು ಹೋದಮೇಲೆ ರಿಕ್ಷಾವನ್ನು ಹಿತ್ತಲಲ್ಲಿ ಟಾರ್ಪಾಲು ಹೊದಿಸಿ ನಿಲ್ಲಿಸಿದ್ದ.

"ನಿಂಗೆ ಸೈಕಲ್ ತುಳೀಬೇಕು, ನಿಮ್ಮವ್ವನ್ನ ಬಿಟ್ಟುಹೋಗೋ ಹಾಗಿಲ್ಲ. ಇಬ್ರಿಗೂ ಸೇರಿ ಒಂದೇ ಮದ್ದು. ತಗೊಂಡ್ ಹೋಗು. ಬ್ರೇಕ್ ಹಿಡಿಯೋವಾಗ ಸಾವಕಾಶ, ಹಿಂದೆ ಕೂತಿರೋಳು ಮೀನಿನ ಬುಟ್ಟಿಯಲ್ಲ."

ಹೀಗೆ ಕೆಲಸಕ್ಕೆ ಕೂರುವ ಮೊದಲು ಒಂದು ಸುತ್ತು, ಕಂಪ್ಯೂಟರ್ ಮುಚ್ಚಿದ ಮೇಲೆ ಸಂಜೆ ಇನ್ನೊಂದು ಸುತ್ತು ಎಂದು ಪರಿಪಾಠವಾಯಿತು. ಮುಂದೆ ಸೀಟಿನ ಮೇಲೆ ಬಿಂಗ್‌ಕುನ್, ಹಿಂದೆ ಕೆಂಪು ಮೆತ್ತೆಯ ಮೇಲೆ ಹೂವಿನ ಟೋಪಿ ಹಾಕಿದ ಬೋಟಾನ್. ಮೊದಲ ದಿನವೇ, ಕಡಲದೇವತೆ ಮಾಜು ತಾಯಿಯ ಗುಡಿ ದಾಟುತ್ತಿದ್ದ ಹಾಗೆ, ಹಿಂದಿನಿಂದ ಅವಳ ದನಿ ಬಂತು:

"ಗಾಡಿಯಣ್ಣ, ಆಚೆ ದಡದ ಯೆನ್‌ಚೆಂಗಿಗೆ ಹೋಗ್ಬೇಕು. ಮಾರ್ಕೆಟ್ ಹಿಂದುಗಡೆ ತಗಡಿನವರ ಓಣಿ ಇದೆಯಲ್ಲ, ಅಲ್ಲಿಗೆ. ನೀನೇನು ಸುತ್ತು ಹಾಕಿಸ್ಬೇಡ, ದಾರಿ ನಂಗೆ ಗೊತ್ತು."

ಬಿಂಗ್‌ಕುನ್ ತಿರುಗಿ ನೋಡಿದ. ಅವಳ ಕಣ್ಣಲ್ಲಿ ಅವನ ಗುರುತಿರಲಿಲ್ಲ. ಮನೆಯಲ್ಲಿ ಎದುರಿಗೆ ಕೂತಾಗ ಮಗನೆಂದು ತಿಳಿಯುತ್ತಿತ್ತು. ಬೆನ್ನು ಮಾಡಿ ಪೆಡಲ್ ತುಳಿದೊಡನೆ ಅವನು ಬಾಡಿಗೆ ಗಾಡಿಯವನಾಗಿಬಿಡುತ್ತಿದ್ದ.

"ಆಗ್ಲಿ ತಾಯೀ" ಎಂದ. ಗಾಳಿಯಂತ್ರಗಳ ತೋಟದವರೆಗೆ ತುಳಿದು, ಒಂದು ಸುತ್ತು ಹಾಕಿ ಮನೆಗೆ ವಾಪಸು ಬಂದು "ಬಂತು ನೋಡಿ" ಅಂದರೆ, ಬೋಟಾನ್ ಇಳಿದು ಮನೆಯನ್ನು ನೋಡಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಯಾಕೆ ಹೊರಟಿದ್ದಳೆಂಬುದು ಅಷ್ಟರಲ್ಲಿ ಮರೆತಿರುತ್ತಿತ್ತು.

ದಾರಿಯುದ್ದಕ್ಕೂ ಗಾಡಿಯವನ ಮುಂದೆ ಮಗನ ದೂರು.

"ನನ್ ಮಗ ಒಬ್ಬ ಇದಾನಪ್ಪ. ಕೆಲಸ ಕಳ್ಕೊಂಡ. ಕೋಣೆ ಬಾಗ್ಲು ಹಾಕ್ಕೊಂಡು ಪೆಟ್ಟಿಗೆ ಜೊತೆ ಮಾತಾಡ್ತಾನೆ. 'ಸರ್ ಸರ್' ಅಂತಾನೆ, ಅಲ್ಲಿ ಯಾವ್ ಸರ್ರೂ ಇರಲ್ಲ. ಹೆಂಡ್ತಿ ಬಿಟ್ಟುಹೋದ್ಮೇಲೆ ತಲೆ ಸ್ವಲ್ಪ ಹಿಂಗಾಗಿದೆ ಅನ್ಸುತ್ತೆ."

"ಒಳ್ಳೇ ಹುಡುಗನಾ ತಾಯೀ?"

"ಒಳ್ಳೆಯವ್ನೇ. ಅನ್ನ ಮಾತ್ರ ಮುದ್ದೆ ಮಾಡಿಹಾಕ್ತಾನೆ."

ಇದನ್ನೆಲ್ಲ ಬಿಂಗ್‌ಕುನ್ ಹೋಕ್ ದೊಡ್ಡಪ್ಪನಿಗೆ ಹೇಳಿ ನಗುತ್ತಿದ್ದ. ಮೈ ಹಗುರವಾಯಿತು. ಬೆಳಗಿನ ಮೀಟಿಂಗಿನಲ್ಲಿ "ಏನ್ರೀ, ಮುಖ ಕೆಂಪಗಾಗಿದೆ, ಬೇಸಿಗೆ ರಜಕ್ಕೆ ಹೋಗಿದ್ರಾ?" ಎಂದು ಅವನಿಗಿಂತ ಚಿಕ್ಕ ವಯಸ್ಸಿನ ಮೇಲಧಿಕಾರಿ ಕೇಳಿದ. ಬಿಂಗ್‌ಕುನ್ ಆ ಸವಾರಿಗಳಿಗೆ ಕಾಯತೊಡಗಿದ. ಮಗನಾಗಿ ಅವನ ಜೊತೆ ತಾಯಿ ಅಷ್ಟು ಮಾತು ಎಂದೂ ಆಡಿರಲಿಲ್ಲ.

ಆಮೇಲೊಂದು ಸಂಜೆ ಅವಳು ಗಾಡಿಯವನಿಗೆ ಅಂದಳು: "ತಗಡಿನವರ ಓಣೀಲಿ ಯಾರಿದಾರೆ ಅಂತ ಕೇಳಲ್ವಲ್ಲ ನೀನು?"

"ಯಾರಿದಾರೆ ತಾಯೀ?"

"ನನ್ ಮಗು."

ಬಿಂಗ್‌ಕುನ್‌ನ ಕಾಲು ಪೆಡಲಿನ ಮೇಲೆ ಹಾಗೇ ನಿಂತಿತು. ಗಾಡಿ ತನ್ನಷ್ಟಕ್ಕೆ ಒಂದಿಷ್ಟು ದೂರ ಉರುಳಿತು.

"ತುಳಿಯಪ್ಪ, ಯಾಕ್ ನಿಂತೆ? ಹೆಣ್ಣುಮಗು. ಈ ನಮ್ ಹುಡುಗ ಹುಟ್ಟೋಕ್ ಮುಂಚಿಂದು. ಮನೆಯವ್ರು ದೂರದ ಮೀನು ಹಡಗಿಗೆ ಹೋಗಿದ್ರು, ಬದುಕಿದಾರೋ ಇಲ್ವೋ ಸುದ್ದಿ ಇಲ್ಲ. ನನ್ನೆದೇಲಿ ಹಾಲಿಲ್ಲ. ಅಕ್ಕಿ ಗಂಜೀಲಿ ಗೆಣಸು ಹಾಕಿ ಕುಡೀತಿದ್ವಿ. ನಮ್ಮತ್ತೆ ಅಂದ್ಳು, ಹೆಣ್ಣು ಹೆಂಗಿದ್ರೂ ಬೇರೆಯವರ ಮನೆ ಅನ್ನ, ಈಗ್ಲೇ ಹೋಗ್ಲಿ ಅಂತ. ತಗಡಿನ ಕೆಲಸ ಮಾಡೋ ಕೋ ಅಂತ ಒಬ್ರು, ಅವ್ರಿಗೆ ಮಕ್ಕಳಿರ್ಲಿಲ್ಲ."

ಕಡಲ ಕಡೆಯಿಂದ ಗಾಳಿ ಬೀಸುತ್ತಿತ್ತು. ಬಿಂಗ್‌ಕುನ್‌ಗೆ ಹಿಂದಕ್ಕೆ ತಿರುಗಲು ಧೈರ್ಯ ಬರಲಿಲ್ಲ. ತಿರುಗಿದರೆ ತಾನು ಮಗನೆಂದು ಅವಳಿಗೆ ತಿಳಿದುಹೋದೀತು.

ಅವಳು ಉಳಿದದ್ದನ್ನು ಒಂದೇ ಸಲಕ್ಕೆ ಹೇಳಲಿಲ್ಲ. ಇವತ್ತೊಂದು ತುಂಡು, ನಾಲ್ಕು ದಿನ ಬಿಟ್ಟು ಇನ್ನೊಂದು, ಒಮ್ಮೊಮ್ಮೆ ಹೇಳಿದ್ದನ್ನೇ ಮತ್ತೆ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಲಾಂಚಿನಲ್ಲಿ ದಾಟಿದ್ದು. ಕೋ ಹೆಂಗಸು ಬಾಗಿಲಲ್ಲೇ ಮಗುವನ್ನು ತೆಗೆದುಕೊಂಡು ಒಂದು ಕೋಳಿ ಕೊಟ್ಟಿದ್ದು.

"ಬಾಣಂತಿ ಮೈಯಪ್ಪ, ತಿನ್ನು ಅಂದ್ಳು. ಮನೆಗೆ ತಂದು ಬೇಯ್ಸಿ ತಿಂದ್ಬಿಟ್ಟೆ. ಹಸಿವಿತ್ತು ನೋಡು. ಮೂಳೇನೂ ಬಿಡದಂಗೆ ಚೀಪಿದೆ. ತಿಂದು ಮುಗಿಸಿ ಕೈ ತೊಳ್ಕೊಂಡ್ಮೇಲೆ ಗೊತ್ತಾಯ್ತು ಏನ್ ತಿಂದೆ ಅಂತ."

ಬಿಂಗ್‌ಕುನ್ ಕಂಡಂತೆ ತಾಯಿ ಎಂದೂ ಕೋಳಿ ಮುಟ್ಟಿರಲಿಲ್ಲ. ಹಬ್ಬದಲ್ಲಿ ಎಲ್ಲರಿಗೂ ಬಡಿಸಿ ತಾನು ಸೊಪ್ಪು ತಿನ್ನುತ್ತಿದ್ದಳು. ಮಾಜು ತಾಯಿಗೆ ಏನೋ ಹರಕೆ ಇರಬೇಕೆಂದು ಅಪ್ಪ ಮಗ ಇಬ್ಬರೂ ತಿಳಿದಿದ್ದರು. ಅಪ್ಪ ಹಡಗಿನಿಂದ ಬದುಕಿ ಬಂದಾಗ, ಮಗು ಜ್ವರದಲ್ಲಿ ತೀರಿಕೊಂಡಿತೆಂದು ಅಜ್ಜಿಯೇ ಮಗನಿಗೆ ಹೇಳಿದ್ದಳಂತೆ. ಅವನು ಹಾಗೆಯೇ ನಂಬಿ ಸತ್ತ.

"ನೋಡೋಕೆ ಹೋಗ್ಲಿಲ್ವಾ ತಾಯೀ?"

"ಸುಮ್ನೆ ಹೋಗೋಕಾಗುತ್ತಾ? ನೆಪ ಬೇಕು. ನಮ್ಮನೆ ಕೆಟಲ್‌ಗೆ ಮೊಳೆ ಇಟ್ಟು ಹೊಡೆದು ತೂತು ಮಾಡ್ತಿದ್ದೆ. ಬೆಸುಗೆ ಹಾಕ್ಸೋಕೆ ತಗೊಂಡ್ ಹೋಗ್ತಿದ್ದೆ. ಮಗು ಅಂಗಳದಲ್ಲಿ ಆಡ್ಕೊಂಡಿರೋದು. ಕೆಟಲ್ ತುಂಬ ಬೆಸುಗೆ ಆಗೋಯ್ತು. ಕೊನೆಗೊಂದ್ಸಲ ಆ ಹೆಂಗಸು ನನ್ನ ಪಕ್ಕಕ್ಕೆ ಕರೆದು ಹೇಳಿದ್ಳು, 'ತಂಗೀ, ಇದನ್ನ ಎಸೆದು ಹೊಸದೊಂದು ತಗೋ. ಇನ್ಮೇಲೆ ಇಲ್ಲಿಗೆ ತರ್ಬೇಡ. ಮಗು ನಿನ್ನ ಮುಖ ನೋಡೋಕೆ ಶುರುಮಾಡಿದೆ' ಅಂತ. ಸರಿಯಾಗೇ ಹೇಳಿದ್ಳು. ಅವಳ ಜಾಗದಲ್ಲಿ ನಾನಿದ್ರೂ ಅದನ್ನೇ ಹೇಳ್ತಿದ್ದೆ."

ಆ ದಿನ ಬಿಂಗ್‌ಕುನ್ ಕಂಪ್ಯೂಟರಿನ ಮುಂದೆ ಕೂತು ಬರೆದ ನಕ್ಷೆಯಲ್ಲಿ ಕೊಳವೆಯೊಂದು ಎಲ್ಲಿಗೂ ಸೇರದೆ ಗೋಡೆಯೊಳಗೆ ಹೋಗಿ ನಿಂತಿತ್ತು. ಅವನು ಅದನ್ನು ಅಳಿಸಿ ಮತ್ತೆ ಬರೆದ. ಮತ್ತೆ ತಪ್ಪಾಯಿತು.

ಶನಿವಾರ ತಾಯಿಯನ್ನು ಹೋಕ್ ದೊಡ್ಡಪ್ಪನ ಮನೆಯಲ್ಲಿ ಕೂರಿಸಿ, ತನ್ನ ಹಳೆಯ ಸೈಕಲ್ ಹತ್ತಿ ಲಾಂಚು ದಾಟಿದ. ಯೆನ್‌ಚೆಂಗ್ ಮಾರ್ಕೆಟ್ಟಿನ ಹಿಂದೆ ಓಣಿ ಇತ್ತು, ತಗಡಿನ ಸದ್ದು ಇರಲಿಲ್ಲ. ಅಂಗಡಿಗಳು ಕಾಫಿ ಹೋಟೆಲುಗಳಾಗಿದ್ದವು. ಬಾಗಿಲ ಮುಂದೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದ ಅಜ್ಜಿಯೊಬ್ಬಳನ್ನು ಕೇಳಿದ.

"ತಗಡಿನ ಕೋ? ಅವ್ರು ಹೋಗಿ ಎಷ್ಟ್ ಕಾಲ ಆಯ್ತು! ಮಗಳಿದಾಳಲ್ಲ ಸೂಯಿನ್. ಆ ಕೊನೇಲಿ, ಬಟ್ಟೆ ಆಲ್ಟರ್ ಮಾಡೋ ಅಂಗಡಿ. ಪ್ಯಾಂಟ್ ಗಿಡ್ಡ ಮಾಡಿಸ್ಬೇಕಾ?"

ಸೂಯಿನ್ ಹೊಲಿಗೆ ಯಂತ್ರದ ಹಿಂದೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೂತಿದ್ದಳು. ಬಿಂಗ್‌ಕುನ್‌ಗಿಂತ ಕೆಲವು ವರ್ಷ ಹಿರಿಯಳು. ಅವಳು ತಲೆಯೆತ್ತಿದಾಗ ಅವನಿಗೆ ಹೇಳಲು ಬಂದ ಮಾತೆಲ್ಲ ಮರೆತುಹೋಯಿತು. ತಾಯಿಯದೇ ಅಗಲ ಹಣೆ, ಒಂದು ಹುಬ್ಬು ಇನ್ನೊಂದಕ್ಕಿಂತ ಮೇಲೆ. ತೊದಲುತ್ತ ದ್ವೀಪದ ಹೆಸರು ಹೇಳಿದ, ತಾಯಿಯ ಹೆಸರು ಹೇಳಿದ. ಅವಳು ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು.

"ಕೆಟಲ್ ಹೆಂಗಸಿನ ಮಗನಾ ನೀವು?"

"ನಿಮ್ಗೆ ಗೊತ್ತಾ?"

"ಓಣೀಗೆಲ್ಲ ಗೊತ್ತಿತ್ತು. ನಂಗೆ ಗೊತ್ತಿಲ್ಲ ಅಂತ ಎಲ್ರೂ ಅಂದ್ಕೊಂಡಿದ್ರು, ಅಷ್ಟೆ." ಯಂತ್ರದ ಚಕ್ರದ ಮೇಲೆ ಕೈಯಿಟ್ಟಳು. "ನೋಡಿ, ನನಗೆ ಒಬ್ಬಳೇ ತಾಯಿ. ತಗಡಿನ ಕೋ ಹೆಂಡತಿ. ನಾನೇ ಅವಳ ಕಣ್ಣು ಮುಚ್ಚಿದ್ದು. ನನಗಿನ್ನೊಬ್ಬ ತಾಯಿ ಬೇಡ. ಈ ವಯಸ್ಸಿಗೆ ತಗೊಂಡು ಏನು ಮಾಡ್ಲಿ?"

"ಅವಳು ದಿನಾ ಇಲ್ಲಿಗೇ ಹೊರಡ್ತಾಳೆ."

"ಆಗ ಬರೋದು ನಿಲ್ಲಿಸಿದೋಳು ಈಗ ಯಾಕೆ ಹೊರಡ್ಬೇಕು?"

ಕೋಪದಲ್ಲಿ ಆಡಿದ ಮಾತಲ್ಲ ಅದು. ನಿಜವಾಗಿಯೂ ಉತ್ತರ ಬೇಕೆಂದು ಕೇಳಿದ ಹಾಗಿತ್ತು. ಬಿಂಗ್‌ಕುನ್ ಕೆಟಲ್ಲಿನ ವಿಷಯ ಹೇಳಿದ, ಮೊಳೆಯ ವಿಷಯ, 'ಇನ್ನು ಬರಬೇಡ' ಎಂದ ವಿಷಯ. ಸೂಯಿನ್ ಕೇಳಿಸಿಕೊಂಡಳು. ಅಷ್ಟರಲ್ಲಿ ಗಿರಾಕಿಯೊಬ್ಬಳು ಲಂಗ ಹಿಡಿದು ಒಳಬಂದಳು. ಬಿಂಗ್‌ಕುನ್ ತನ್ನ ಫೋನ್ ನಂಬರನ್ನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಅಲ್ಲೇ ಬಿದ್ದಿದ್ದ ಬಟ್ಟೆಯ ತುಂಡಿನ ಮೇಲೆ ಬರೆದಿಟ್ಟು ಎದ್ದ.

ತಿಂಗಳುಗಳು ಹೋದವು, ಫೋನು ಬರಲಿಲ್ಲ. ಬಿಂಗ್‌ಕುನ್ ಎರಡು ಹೊತ್ತೂ ರಿಕ್ಷಾ ತುಳಿದ. ಮೀಟಿಂಗು ಬೇಗ ಇಟ್ಟರೆ ಇನ್ನೂ ಬೇಗ ಎದ್ದ. ತುಂತುರು ಹನಿಯಲ್ಲೂ ಟಾಪು ಏರಿಸಿ ಹೊರಟ. ಡಾಕ್ಟರು ಬೆನ್ನು ತಟ್ಟಿದರು. ಅವನು ತುಳಿಯುತ್ತಿದ್ದುದು ಸಕ್ಕರೆ ಇಳಿಸಲೆಂದಲ್ಲ ಎಂದು ಅವರಿಗೇನು ಗೊತ್ತು! ಬೋಟಾನ್ ಕರಗುತ್ತಿದ್ದಳು. ಮೊದಲು ಬೀದಿಗಳ ಹೆಸರು ಹೋದವು, ಆಮೇಲೆ ಗಂಡನ ಹೆಸರು. ತಗಡಿನವರ ಓಣಿ ಮಾತ್ರ ಉಳಿದಿತ್ತು.

ಬೇಸಿಗೆ ಮುಗಿಯುವ ಕಾಲಕ್ಕೆ, ಒಂದು ಭಾನುವಾರ ಮಧ್ಯಾಹ್ನ, ಸೂಯಿನ್ ಕೊಡೆ ಹಿಡಿದುಕೊಂಡು ಲಾಂಚು ಇಳಿದು ಬಂದಳು. ಬಾಗಿಲಲ್ಲೇ ನಿಂತು, "ಒಂದ್ಸಲ ನೋಡಿ ಹೋಗ್ತೀನಿ. ನಾನ್ಯಾರು ಅಂತ ಹೇಳ್ಬಾರ್ದು" ಎಂದಳು.

ರಿಕ್ಷಾ ಹೊರಡಲು ನಿಂತಿತ್ತು. ಬೋಟಾನ್ ಆಗಲೇ ಕೂತಾಗಿತ್ತು. ಬಿಂಗ್‌ಕುನ್ ಗಾಡಿಯವನ ದನಿಯಲ್ಲಿ, "ತಾಯೀ, ಇವ್ರೂ ಅದೇ ಕಡೆ ಹೋಗ್ಬೇಕಂತೆ, ಕೂರಿಸ್ಕೊಳ್ಳಾ?" ಎಂದು ಕೇಳಿದ.

"ಕೂರ್ಲಿ ಕೂರ್ಲಿ. ಬಾಡಿಗೆ ಮಾತ್ರ ನನ್ನೊಬ್ಬಳ ಹತ್ರಾನೇ ಪೂರ್ತಿ ಕೀಳ್ಬೇಡ" ಎಂದು ಬೋಟಾನ್ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

ಕಡಲಂಚಿನ ದಾರಿಯಲ್ಲಿ ಬಿಂಗ್‌ಕುನ್ ಮೆಲ್ಲಗೆ ತುಳಿದ.

"ಈ ಅಂಗಿ ನೀನೇ ಹೊಲ್ದಿದ್ದಾ?" ಬೋಟಾನಳ ದನಿ. "ಹೊಲಿಗೆ ಚೆನ್ನಾಗಿದೆ."

"ಹೂಂ. ನಾನೇ."

"ಯಾರು ಕಲಿಸಿದ್ರು?"

"ನಮ್ಮವ್ವ."

"ಒಳ್ಳೆಯವ್ಳು. ಹೆಣ್ಣುಮಕ್ಕಳಿಗೆ ಕೈಕೆಲಸ ಕಲಿಸ್ಬೇಕು. ನಂಗೂ ಒಬ್ಳು ಇದಾಳೆ. ಅವಳನ್ನ ನೋಡೋಕೇ ಹೊರಟಿದೀನಿ. ಅಲ್ಲಿ ಹೋಗಿ ಏನಂತ ಮಾತಾಡ್ಸೋದು ಅಂತಾನೇ ಗೊತ್ತಾಗ್ತಿಲ್ಲ. ನೀನಾಗಿದ್ರೆ ಏನಂತೀಯ?"

ಬಿಂಗ್‌ಕುನ್‌ಗೆ ತನ್ನ ಉಸಿರೇ ಕೇಳಿಸುತ್ತಿತ್ತು. ಪೆಡಲಿನ ಕಿರುಗುಟ್ಟುವಿಕೆ ಕೇಳಿಸುತ್ತಿತ್ತು. ಕೊನೆಗೆ ಸೂಯಿನ್ ಅಂದಳು:

"ಈ ಹೊತ್ತಲ್ಲಿ ಮಗು ಮಲಗಿರುತ್ತಲ್ವಾ?"

"ಮಲಗಿರುತ್ತಾ?"

"ಹೂಂ. ಹೊಟ್ಟೆ ತುಂಬ ಹಾಲು ಕುಡಿದು ಮಲಗಿರುತ್ತೆ. ಅವ್ರು ಚೆನ್ನಾಗಿ ನೋಡ್ಕೊಳ್ತಾರೆ. ನಂಗೊತ್ತು ಅವ್ರನ್ನ."

ಬೋಟಾನ್ ಯೋಚಿಸಿದಳು. ಆಮೇಲೆ ಮುಂದಕ್ಕೆ ಬಾಗಿ ಬಿಂಗ್‌ಕುನ್‌ನ ಬೆನ್ನನ್ನು ಬೆರಳಿನಿಂದ ತಟ್ಟಿದಳು.

"ಗಾಡಿಯಣ್ಣ, ಗಾಡಿ ತಿರುಗ್ಸು. ಮಲಗಿರೋ ಮಗೂನ ಎಬ್ಬಿಸ್ಬಾರ್ದು."

ಅವನು ತಿರುಗಿಸಿದ. ಕಣ್ಣು ಮಂಜಾಗಿ ದಾರಿ ಕಾಣದೆ ಚಕ್ರ ಮರಳಿಗೆ ಇಳಿಯಿತು. ಸೂಯಿನ್ ಕೆಳಗಿಳಿದು ಹಿಂದಿನಿಂದ ತಳ್ಳಿದಳು. ಮನೆ ಬರುವ ತನಕ ಮತ್ತೆ ಹತ್ತಲಿಲ್ಲ, ಗಾಡಿಯ ಪಕ್ಕದಲ್ಲೇ ಕೊಡೆಯನ್ನು ಮುದುಕಿಯ ತಲೆಯ ಮೇಲೆ ಹಿಡಿದುಕೊಂಡು ನಡೆದಳು.

ಆ ದಿನದ ನಂತರ ಬೋಟಾನ್ ತಗಡಿನವರ ಓಣಿಯ ಹೆಸರೆತ್ತಲಿಲ್ಲ. ಬಿಂಗ್‌ಕುನ್ ಪೆಡಲ್ ತುಳಿಯುತ್ತ "ಎಲ್ಲಿಗೆ ತಾಯೀ?" ಎಂದು ಕೇಳುವನು. "ನೀನೆಲ್ಲಿಗೆ ಹೋಗ್ತೀಯೋ ಅಲ್ಲಿಗೆ" ಎನ್ನುವಳು. ಆಮೇಲೆ ಅದನ್ನೂ ಅನ್ನದಾದಳು. ಆ ಓಣಿಯ ಹಂಬಲವೇ ಅವಳನ್ನು ಹಿಡಿದು ನಿಲ್ಲಿಸಿತ್ತೋ ಏನೋ, ಅದು ಹೋದಮೇಲೆ ಹಾಸಿಗೆ ಹಿಡಿದಳು. ಚಳಿಗಾಲದಲ್ಲಿ, ಮಗ ಪಕ್ಕದ ಕೋಣೆಯಲ್ಲಿ ಮೀಟಿಂಗಿನಲ್ಲಿದ್ದಾಗ, ಬಟ್ಟಲಲ್ಲಿ ಅರ್ಧ ಗಂಜಿ ಉಳಿಸಿ ತೀರಿಕೊಂಡಳು.

ಸೂಯಿನ್‌ಗೆ ಬಿಂಗ್‌ಕುನ್ ಹೇಳಿಕಳಿಸಿದ. ಅಂತ್ಯಕ್ರಿಯೆಗೆ ಬಂದವಳು ಚಪ್ಪರದ ಹೊರಗೆ ನೆರೆಹೊರೆಯವರ ಸಾಲಿನಲ್ಲಿ ನಿಂತಳು. ಹೋಕ್ ದೊಡ್ಡಪ್ಪ ಕುಂಟುತ್ತ ಹೋಗಿ, ಸತ್ತವರ ಹೆಣ್ಣುಮಕ್ಕಳು ಶೋಕಕ್ಕೆಂದು ತಲೆಗೆ ಹಾಕುವ ಸೆಣಬಿನ ಬಟ್ಟೆಯನ್ನು ಅವಳ ಮುಂದೆ ಹಿಡಿದ.

"ಹಾಕ್ಕೋ ಮಗಳೇ. ಯಾರೂ ಏನೂ ಕೇಳಲ್ಲ."

"ಇದನ್ನ ಒಂದ್ಸಲ ಹಾಕಿದೀನಿ ದೊಡ್ಡಪ್ಪ, ನಮ್ಮವ್ವನಿಗೆ. ಇನ್ನೊಂದ್ಸಲ ಹಾಕೋಕೆ ಮನಸ್ಸು ಬರ್ತಿಲ್ಲ. ತಪ್ಪು ತಿಳೀಬೇಡಿ."

ಹಾಕಿಕೊಳ್ಳಲಿಲ್ಲ. ಆದರೆ ಎಲ್ಲರೂ ಹೋದ ಮೇಲೂ ಉಳಿದು, ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ಪಾತ್ರೆಗಳನ್ನೆಲ್ಲ ತಿಕ್ಕಿಟ್ಟು ಕೊನೆಯ ಲಾಂಚಿಗೆ ಹೋದಳು.

ಬಿಂಗ್‌ಕುನ್‌ನ ಕೋಣೆ, ಕಂಪ್ಯೂಟರು, ಇಸ್ತ್ರಿ ಅಂಗಿ ಎಲ್ಲ ಹಾಗೆಯೇ ಇದ್ದವು. ಈಗ ಮನೆಯಲ್ಲಿ ಯಾರನ್ನೂ ಕಾಯಬೇಕಿರಲಿಲ್ಲ. ಬೇಕಾದಾಗ ಸೈಕಲ್ ಹತ್ತಬಹುದಿತ್ತು, ಆದರೆ ಹತ್ತಲಿಲ್ಲ. ಬೆಳಿಗ್ಗೆ ಎದ್ದು ಕೆಲಸಕ್ಕೆ ಕೂತರೆ ಕತ್ತಲಾದ ಮೇಲೆ ಏಳುವನು. ರಿಕ್ಷಾವನ್ನು ಹೋಕ್ ದೊಡ್ಡಪ್ಪನ ಹಿತ್ತಲಿಗೆ ಮರಳಿಸಿದ. ಮುದುಕ ಅದನ್ನು ನೋಡಿ, "ನಿನ್ನ ಮುಖ ಸೋರೆಕಾಯಿ ಆಗ್ತಿದೆ. ಒಬ್ಬನೇ ಆದ್ರೂ ತುಳಿ ಮಾರಾಯ. ದಾರಿ ಎಲ್ಲಾದ್ರೂ ಹೋಗುತ್ತೆ" ಎಂದು ಬೈದ.

ವಸಂತದಲ್ಲಿ ಹಳೆಯ ಸೈಕಲ್ಲಿಗೆ ಗಾಳಿ ಹೊಡೆದ. ಬೆಳಗಿನ ಲಾಂಚು ಹತ್ತಿ, ಯೆನ್‌ಚೆಂಗಿನವರೆಗೆ ತುಳಿದು, ಹಾಜರಿ ಹಾಕುವ ಹೊತ್ತಿಗೆ ಮನೆಗೆ ಮರಳುವುದು ರೂಢಿಯಾಯಿತು. ಸೂಯಿನ್ ಅಂಗಡಿ ತೆರೆಯುವ ಹೊತ್ತು ಅದೇ. ಕೆಲವು ದಿನ "ಕೂತ್ಕೊಳ್ಳಿ, ಸೋಯಾಹಾಲಿದೆ" ಎನ್ನುವಳು. ಕೆಲವು ದಿನ "ಇವತ್ತು ತುಂಬ ಕೆಲಸ" ಎಂದು ತಲೆ ಎತ್ತುತ್ತಿರಲಿಲ್ಲ. ಅವನು ಎರಡಕ್ಕೂ ಹೂಂ ಎಂದು ಬರುತ್ತಿದ್ದ. ಒಬ್ಬರಿಗೊಬ್ಬರು ಅಕ್ಕ ಎನ್ನಲಿಲ್ಲ, ತಮ್ಮ ಎನ್ನಲಿಲ್ಲ.

ಒಂದು ಬೆಳಿಗ್ಗೆ ಅವನು ಹೆಲ್ಮೆಟ್ ಹಾಕಿಕೊಂಡು ಹೊರಡುವಾಗ ಅವಳು ಯಂತ್ರ ನಿಲ್ಲಿಸಿದಳು.

"ಒಂದು ಕೇಳ್ಬೇಕು ಅಂತಿದ್ದೆ. ಸೂಯಿನ್ ಅಂತ ಹೆಸರಿಟ್ಟಿದ್ದು ಇಲ್ಲಿಯವ್ರು. ಅದಕ್ ಮುಂಚೆ ಆಯಮ್ಮ ನನ್ನ ಏನಂತ ಕರೀತಿದ್ರು?"

ಬಿಂಗ್‌ಕುನ್ ನೆನಪು ಮಾಡಿಕೊಂಡ. ಅಷ್ಟೊಂದು ಸವಾರಿಗಳು, ಅಷ್ಟೊಂದು ಮಾತು. ಎಲ್ಲದರಲ್ಲೂ 'ಮಗು', ಬರಿಯ 'ಮಗು'. ಅವನೂ ಕೇಳಿರಲಿಲ್ಲ. ಅಜ್ಜಿ ಸತ್ತಿದ್ದಳು, ಅಪ್ಪ ಸತ್ತಿದ್ದ. ಗೊತ್ತಿದ್ದವಳು ತಾಯಿಯೊಬ್ಬಳೇ, ಅವಳೂ ಹೋಗಿಯಾಗಿತ್ತು.

"ಹೇಳ್ಲಿಲ್ಲ" ಎಂದ. "ನಾನು ಕೇಳ್ಬೇಕಿತ್ತು."

ಸೂಯಿನ್ ಬಟ್ಟೆಯನ್ನು ಮತ್ತೆ ಯಂತ್ರದ ಸೂಜಿಯ ಕೆಳಗೆ ಸರಿಸಿದಳು.

"ಹೋಗ್ಲಿ ಬಿಡಿ" ಎಂದಳು. "ಲಾಂಚಿಗೆ ಹೊತ್ತಾಯ್ತು ನಿಮ್ಗೆ."

ಅವನು ಸೈಕಲ್ ತಿರುಗಿಸಿದ. ಓಣಿಯ ಕೊನೆ ಮುಟ್ಟಿದರೂ ಹಿಂದಿನಿಂದ ಹೊಲಿಗೆ ಯಂತ್ರದ ಸದ್ದು ಮತ್ತೆ ಶುರುವಾಗಿರಲಿಲ್ಲ.